ಗೈರಾದವರ ಹೊಣೆ

ನಮ್ಮ ಮಕ್ಕಳ ರಕ್ಷಣಾ ಸಮನ್ವಯ ಸಭೆಯಲ್ಲಿ ಒಂದು ಪದ್ಧತಿಯಿದೆ: ಯಾರು ಬಂದಿಲ್ಲವೋ ಅವರ ತಲೆಗೆ ಕೆಲಸ ಕಟ್ಟುವುದು. ಎಂಟು ವರ್ಷದಿಂದ ನಡಾವಳಿ ಟೈಪು ಮಾಡುತ್ತಿರುವವಳು ನಾನು. ‘ಹೊಣೆ’ ಎಂಬ ಕಾಲಂನಲ್ಲಿ ಹಾಜರಿದ್ದವರ ಹೆಸರನ್ನು ಒಮ್ಮೆಯೂ ಹೊಡೆದಿಲ್ಲ.

ಆ ದಿನ ಗ್ರಹಚಾರಕ್ಕೆ ಸದಸ್ಯರೆಲ್ಲರೂ ಬಂದಿದ್ದರು. ಅಧ್ಯಕ್ಷರು, ಹೆಡ್‌ಮಾಸ್ಟರು, ಡಾಕ್ಟರಮ್ಮ, ಇನ್ಸ್‌ಪೆಕ್ಟರು. ತಪ್ಪಿಸಿಕೊಂಡರೆ ಕೊರಳಿಗೆ ಬೀಳುತ್ತದೆಂದು ಗೊತ್ತಿತ್ತಲ್ಲ!

ವಿಷಯವೋ, ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿತ್ತು. ಏಳು ವರ್ಷದ ಹುಡುಗಿ. ಎಡಗೈ ಮೇಲೆ ಮೂರು ಸುಟ್ಟ ಗಾಯ. ಅಪ್ಪ ಅಮ್ಮ ಇಲ್ಲ. ಸುಟ್ಟವನು ಸಾಕುತ್ತಿರುವ ಚಿಕ್ಕಪ್ಪನೇ ಎಂದು ಟೀಚರಿಗೆ ತಾನೇ ಹೇಳಿದ್ದಳು. ಸಭೆಗೆ ಅವನನ್ನೂ ಕರೆದಿದ್ದರು. ಪುರುಸೊತ್ತಿಲ್ಲ, ಐದಕ್ಕೆ ಬಂದು ಮಗುವನ್ನು ಕರೆದೊಯ್ಯುತ್ತೇನೆಂದು ಹೇಳಿಕಳಿಸಿದ್ದ. ಅಷ್ಟರೊಳಗೆ ಒಬ್ಬರು ಹೊಣೆ ಹೊತ್ತು ಸಹಿ ಹಾಕಿದರೆ ಮಗು ಪಕ್ಕದ ಬೀದಿಯ ಬಾಲಮಂದಿರ ಸೇರುತ್ತಿತ್ತು. ಒಂದೇ ಒಂದು ಸಹಿ.

“ನಾವು ಪತ್ರ ಬರೆದಿದ್ದೀವಿ,” ಎಂದರು ಹೆಡ್‌ಮಾಸ್ಟರು.

“ನಾನು ಗಾಯದ ಅಳತೆ ತಗೊಂಡಿದ್ದೀನಿ,” ಎಂದರು ಡಾಕ್ಟರಮ್ಮ.

“ನಾನು ಗಮನಿಸಿದ್ದೀನಿ,” ಎಂದರು ಇನ್ಸ್‌ಪೆಕ್ಟರು. ಏನನ್ನು ಗಮನಿಸಿದರೋ, ಬಿಸ್ಕತ್ತಿನ ತಟ್ಟೆಯಂತೂ ಖಾಲಿಯಾಗಿತ್ತು.

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ನಾಲ್ಕೇ ಜನ ಸಾಕಾದರು.

ನಾಲ್ಕೂ ಮುಕ್ಕಾಲಾಯಿತು. ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಕರೆದವರಲ್ಲಿ ಯಾರೂ ತಪ್ಪಿಸ್ಕೊಂಡಿಲ್ವೇನಮ್ಮಾ?”

“ಚಿಕ್ಕಪ್ಪ ಒಬ್ಬ ಬಂದಿಲ್ಲ ಸರ್.”

ಎಲ್ಲರ ಮುಖ ಅರಳಿತು. “ಅಬ್ಬಾ! ಹಾಗಿದ್ರೆ ಬರ್ಕೋ. ಮಗುವಿನ ಸುರಕ್ಷತೆ. ಹೊಣೆ, ಚಿಕ್ಕಪ್ಪ.”

ಕುರಿ ಕಾಯಲು ತೋಳನನ್ನು ಬಿಡುವುದೆಂದರೆ ಇದೇ ತಾನೆ? ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ.

“ಸರ್, ಸುಟ್ಟಿದ್ದೇ ಅವನು! ಬೇಕಿದ್ರೆ ನಾನೇ ಸಹಿ ಹಾಕ್ತೀನಿ.”

“ನೀನು ಇಲ್ಲೇ ಇದೀಯಲ್ಲಮ್ಮಾ,” ಎಂದರು ಅಧ್ಯಕ್ಷರು, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ. “ಇರೋರ ಮೇಲೆ ಹಾಕೋ ಪದ್ಧತಿ ಇಲ್ಲ.”

ಓಹೋ, ಹಾಗೋ! ಹಾಜರಿ ಪಟ್ಟಿಯಲ್ಲಿ ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದೆ. ಕುರ್ಚಿ ಹಿಂದೆ ತಳ್ಳಿ ಹೊರಗೆ ನಡೆದೆ.

ಹುಡುಗಿಯ ಪಕ್ಕ ಕೂತೆ. “ಮುಗೀತಾ ಆಂಟಿ?” ಎಂದಳು. “ಇನ್ನೊಂದೇ ನಿಮಿಷ ಪುಟ್ಟಿ,” ಎಂದೆ.

ಬಾಗಿಲ ಸಂದಿಯಿಂದ ಅಧ್ಯಕ್ಷರ ದನಿ ಕೇಳಿಸಿತು. “ಟೈಪಿಸ್ಟಮ್ಮ ಎಲ್ಲಿ?”

“ಎದ್ದು ಹೋದ್ರು ಸರ್,” ಎಂದರು ಡಾಕ್ಟರಮ್ಮ. “ಪಟ್ಟೀಲೂ ಇಲ್ಲ.”

“ಇಲ್ವಾ? ಇನ್ನೇನು ಮತ್ತೆ! ಪಾಪ, ಆ ಚಿಕ್ಕಪ್ಪನಿಗಾದ್ರೂ ಯಾಕೆ ತೊಂದ್ರೆ. ಟೈಪಿಸ್ಟಮ್ಮನಿಗೇ ಹಾಕಿ.”

ಯಾರೊಬ್ಬರೂ ತಕರಾರು ಮಾಡಲಿಲ್ಲ.

ಚಿಕ್ಕಪ್ಪ ಮುಂದಿನ ಗೇಟಿನಲ್ಲಿ ಬೈಕು ನಿಲ್ಲಿಸುವಷ್ಟರಲ್ಲಿ ನಾವಿಬ್ಬರೂ ಹಿಂಬಾಗಿಲಿಂದ ಬೀದಿ ದಾಟಿದ್ದೆವು. ಅವಳು ಗಾಯವಿಲ್ಲದ ಕೈಯಲ್ಲಿ ನನ್ನ ಬೆರಳು ಬಿಗಿಯಾಗಿ ಹಿಡಿದಿದ್ದಳು. ಬಾಲಮಂದಿರದ ರಿಜಿಸ್ಟರಿನಲ್ಲೂ ‘ಹೊಣೆ’ ಎಂಬ ಕಾಲಂ ಇತ್ತು. ಅವಳ ಕೈ ಬಿಡದೆ, ಇನ್ನೊಂದು ಕೈಯಲ್ಲಿ ನನ್ನ ಹೆಸರು ಬರೆದೆ. ಎಂಟು ವರ್ಷದಲ್ಲಿ ‘ಹೊಣೆ’ ಎಂಬ ಕಾಲಂನಲ್ಲಿ ನಾನು ಹಾಜರಿದ್ದವರ ಹೆಸರು ಬರೆದದ್ದು ಅದೇ ಮೊದಲು.