ಅಳತೆಗೆ ಸಿಗದ ಶೆಡ್ಡು

ವಿಶ್ವವಿದ್ಯಾಲಯದ ಬಡಗಿಗೆ ಎಲ್ಲರೂ ಇಟ್ಟಿದ್ದ ಹೆಸರು ಅಳತೆರಾಯ. ಕೂದಲೆಳೆಯಷ್ಟು ತಪ್ಪಿದರೂ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ. ಇಡೀ ವಿಶ್ವವಿದ್ಯಾಲಯ ಒಂದೇ ನೋಟಕ್ಕೆ ಕಾಣುವ ಹಾಗೆ ಮಾದರಿಯೊಂದನ್ನು ಮಾಡೆಂದು ಹೊಸ ಕುಲಪತಿಗಳು ಹೇಳಿದಾಗ, ಅವನು ಮಂಚದಗಲದ ಹಲಗೆಯ ಮೇಲೆ ಗ್ರಂಥಾಲಯ, ನಕ್ಷತ್ರ ನೋಡುವ ಗುಮ್ಮಟ, ವೈದ್ಯಕೀಯ ವಿಭಾಗ, ಹಾಸ್ಟೆಲುಗಳು ಎಲ್ಲವನ್ನೂ ಕಟ್ಟಿ ನಿಲ್ಲಿಸಿದ. ದೇಶದ ದುಡ್ಡಿನಲ್ಲಿ ನಡೆಯುವ ಅಷ್ಟು ದೊಡ್ಡ ಸಂಸ್ಥೆ ಅಂಗೈ ಮೇಲಿನ ನೆಲ್ಲಿಕಾಯಿಯಾಯಿತು.

ಇಲ್ಲದ್ದು ಒಂದೇ, ಅವನ ಹೆಂಡತಿಯ ಶೆಡ್ಡು.

ಹೆಂಡತಿ ಅಲ್ಲಿಯೇ ಸಂಶೋಧಕಿ. ಕ್ಯಾಂಪಸ್ಸಿನ ಹಿಂಬದಿಯ ಜೌಗಿನಲ್ಲಿ ತಗಡಿನ ಶೆಡ್ಡೊಂದನ್ನು ನಂಬಿಕೊಂಡು, ಮಗಳು ಹುಟ್ಟುವ ಮೊದಲಿನಿಂದಲೂ ಕಪ್ಪೆಗಳ ಕೂಗನ್ನು ದಾಖಲಿಸುತ್ತ ಬಂದಿದ್ದಳು.

"ನಮ್ಮದನ್ನೂ ಇಡ್ರೀ," ಎಂದು ಕೇಳಿದ್ದಳು.

"ಈ ಅಳತೇಲಿ ಅದು ಸಾಸಿವೆಕಾಳಿನಷ್ಟೂ ಆಗಲ್ಲ ಕಣೆ. ಅಷ್ಟು ಚಿಕ್ಕದು ಯಾರದ್ದನ್ನೂ ಇಟ್ಟಿಲ್ಲ. ಹೆಂಡ್ತಿಗೊಂದು ನ್ಯಾಯ, ಊರಿಗೊಂದು ನ್ಯಾಯ ಆಗ್ಬಾರ್ದು."

"ಆಯ್ತು ಬಿಡಿ. ರಾತ್ರಿ ಊಟಾನೂ ಅದೇ ಅಳತೇಲಿ ಬಡಿಸ್ತೀನಿ."

ಜೌಗಿದ್ದ ಕಡೆ ಅವನು ಹಸಿರು ಬಟ್ಟೆ ಅಂಟಿಸಿ ಕೈತೊಳೆದುಕೊಂಡ.

ಒಂದು ಸಂಜೆ ಕಟ್ಟಡ ಸಮಿತಿ ಮಾದರಿ ನೋಡಲು ಬಂತು. ಕುಲಪತಿಗಳು ಸುತ್ತು ಹಾಕಿ, ಆ ಹಸಿರಿನ ಮೇಲೆ ತಮ್ಮ ಕನ್ನಡಕದ ಡಬ್ಬಿ ಇಟ್ಟರು.

"ನೋಡಿ, ಇಷ್ಟು ಜಾಗ ಖಾಲಿ ಬಿದ್ದಿದೆ. ಮಣ್ಣು ತುಂಬಿಸಿ ಟಾರು ಹಾಕಿಸಿ, ಕಾರು ನಿಲ್ಲಿಸೋಕಾಗುತ್ತೆ."

ಎಲ್ಲರೂ ತಲೆಯಾಡಿಸಿದರು. ಎಂಜಿನಿಯರ್ ಬರೆದುಕೊಳ್ಳತೊಡಗಿದ. ಜಾಗ ಇದ್ದದ್ದು ಕೂಗಳತೆಯಲ್ಲಿ. ಆದರೆ ಮಾದರಿ ಕಣ್ಣೆದುರಿಗಿರುವಾಗ ಕಾಲು ಸವೆಸುವವರು ಯಾರು?

ಮೂಲೆಯಲ್ಲಿದ್ದ ಅಳತೆರಾಯನಿಗೆ ಆಗ ಹೊಳೆಯಿತು. ಹೆಂಡತಿ ಇಷ್ಟು ವರ್ಷ ಮಾಡಿದ್ದನ್ನು ತಾನೇ ಕೈಯಾರೆ ಒರೆಸಿಹಾಕಿದ್ದ. ದೊಡ್ಡವರೆದುರು ತುಟಿ ಬಿಚ್ಚದ ಆಸಾಮಿ ಮುಂದೆ ಬಂದು ಡಬ್ಬಿಯನ್ನು ಎತ್ತಿಯೇಬಿಟ್ಟ.

"ಸಾರ್, ಅಲ್ಲಿ ನನ್ನ ಹೆಂಡ್ತಿ ಇದಾಳೆ."

ಯಾರೂ ನಗಲಿಲ್ಲ ಎಂದರೆ ಸುಳ್ಳಾದೀತು. ಕುಲಪತಿಗಳೂ ನಕ್ಕರು. ಆಮೇಲೆ ಅವನ ಮುಖ ನೋಡಿ, "ನಡೀರಿ, ನೋಡೇಬಿಡೋಣ," ಎಂದರು.

ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ ಅವಳು ಬಂದವರನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟಳು. ಇಡೀ ಸಮಿತಿ ಗಪ್‌ಚಿಪ್. ಜೊಂಡಿನ ಮರೆಯಿಂದ ಒಂದು ಕಪ್ಪೆ ಕೂಗಿತು, ಅದಕ್ಕೆ ಇನ್ನೊಂದು ಓಗೊಟ್ಟಿತು. ಬೂಟಿಗೆ ನೀರು ಹೊಕ್ಕರೂ ಕುಲಪತಿಗಳು ಕೇಳುತ್ತ ನಿಂತೇ ಇದ್ದರು. ಹೊರಡುವಾಗ ಎಂಜಿನಿಯರ್‌ಗೆ, "ಬರೆದಿದ್ದನ್ನ ಅಳಿಸಿಬಿಡಪ್ಪ. ಕಾರು ಬೇರೆ ಕಡೆ ನಿಲ್ಲಲಿ," ಎಂದರು.

ಮಾರನೆಯ ದಿನ ಅಳತೆರಾಯ ಹೆಂಡತಿಯನ್ನು ಕರೆತಂದು ಮಾದರಿಯ ಮುಂದೆ ನಿಲ್ಲಿಸಿದ. ಹಸಿರಿನ ನಡುವೆ ತಗಡಿನ ಶೆಡ್ಡೊಂದು ಹೊಳೆಯುತ್ತಿತ್ತು. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದು, ಪಕ್ಕದ ಹಾಸ್ಟೆಲ್ ಅದರೆದುರು ಗುಡಿಸಲು.

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ರೀ, ಅಳತೆ ತಪ್ಪಿದೆ."

"ಗೊತ್ತು. ಹಾಗೇ ಇರ್ಲಿ."

ಅಂದು ರಾತ್ರಿ ಅವನು ಎರಡೆರಡು ಸಲ ಬಡಿಸಿಕೊಂಡು ಉಂಡ.