ಗುಡಾರದಲ್ಲಿ ಕಲೇವಿ ಏನು ಮಾಡುತ್ತಿದ್ದ

ಒಲೆ ಕೇಳಲು ಪೆಂಟಿ ಮತ್ತು ಓಸ್ಮೊ ಇಬ್ಬರೂ ಒಟ್ಟಿಗೇ ಬಂದರು. ಹಿಲ್ಕಾಳ ಗಂಡ ಕಲೇವಿಯನ್ನು ಮಣ್ಣು ಮಾಡಿದ ದಿನ ಹಾಕಿಕೊಂಡಿದ್ದ ಕಪ್ಪು ಕೋಟನ್ನೇ ಇವತ್ತೂ ಹಾಕಿಕೊಂಡಿದ್ದರು. ಅದಾಗಿ ನಾಲ್ಕು ತಿಂಗಳಾಗಿತ್ತು. ಹಿಲ್ಕಾ ಅವರ ಮುಂದೆ ಕಾಫಿ ಇಟ್ಟಳು, ಏಲಕ್ಕಿ ಬನ್ನು ಇಟ್ಟಳು. ಮಾತು ತೆಗೆಯಲು ಬೇರೆ ಯಾವ ಸಹಾಯವನ್ನೂ ಮಾಡಲಿಲ್ಲ. ಮೂರನೆಯ ಲೋಟ ಮುಗಿದ ಮೇಲೆ ಪೆಂಟಿ ಗಂಟಲು ಸರಿಮಾಡಿಕೊಂಡ.

"ಮಾರ್ಚ್ ಬಂತಲ್ಲ, ಹಿಲ್ಕಾ."

"ವರ್ಷಾ ವರ್ಷಾ ಬರುತ್ತೆ."

"ಆ ಒಲೆ ಸುಮ್ನೆ ಬಿದ್ದಿರುತ್ತಲ್ಲ ಅಂತ..."

ಮೂವತ್ತೊಂದು ವರ್ಷ ಪೆಂಟಿ, ಓಸ್ಮೊ, ಕಲೇವಿ ಮೂವರೂ ಮಾರ್ಚಿನಲ್ಲಿ ಒಂದು ವಾರ ದೇಶದ ಉತ್ತರ ತುದಿಯ ಇನಾರಿ ಸರೋವರಕ್ಕೆ ಹೋಗಿ, ಹೆಪ್ಪುಗಟ್ಟಿದ ನೀರಿನ ಅಂಚಿಗೆ ಗುಡಾರ ಹಾಕಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದರು. ಗುಡಾರ ಓಸ್ಮೊನದು. ಹಿಮದ ಮೇಲೆ ಓಡುವ ಬಂಡಿ ಪೆಂಟಿಯದು. ಹಳೆಯ ಗ್ಯಾಸ್ ಸಿಲಿಂಡರ್ ಕತ್ತರಿಸಿ, ಬೆಸುಗೆ ಹಾಕಿ ಮಾಡಿದ ಸೌದೆ ಒಲೆ ಕಲೇವಿಯದು. ಈಗ ಅದು ಹಿಲ್ಕಾಳದು.

"ಕೊಡ್ತೀನಿ. ಆದ್ರೆ ಜೊತೆಗೆ ನಾನೂ ಬರ್ತೀನಿ," ಎಂದಳು ಹಿಲ್ಕಾ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಓಸ್ಮೊ ಇನ್ನೊಂದು ಬನ್ನು ತೆಗೆದುಕೊಂಡ. ಅದು ಒಪ್ಪಿಗೆಯೆಂದು ಹಿಲ್ಕಾ ತಿಳಿದುಕೊಂಡಳು.

ಅವಳಿಗೆ ಮೀನು ಬೇಕಿರಲಿಲ್ಲ. ಮೀನೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಅವಳಿಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಮೂವತ್ತೆಂಟು ವರ್ಷ ಅವಳು ಊರಿಗೆಲ್ಲ ಅಂಚೆ ಹಂಚಿದವಳು. ದಿನಾ ಸಂಜೆ ಊಟದ ಮೇಜಿನಲ್ಲಿ ಊರಿನ ಕಥೆಯನ್ನೆಲ್ಲ ಗಂಡನಿಗೆ ಹೇಳುತ್ತಿದ್ದಳು. ಅವನು ಆಲೂಗಡ್ಡೆ ಸುಲಿಯುತ್ತ "ಹೂಂ" ಎನ್ನುತ್ತಿದ್ದ. ಬಹಳ ದೊಡ್ಡ ಸುದ್ದಿಯಾದರೆ ಎರಡು ಸಲ "ಹೂಂ" ಎನ್ನುತ್ತಿದ್ದ. ಅಂಥವನು ಮಾರ್ಚ್ ಹತ್ತಿರವಾದಂತೆ ಮಗುವಿನ ಹಾಗೆ ಕ್ಯಾಲೆಂಡರ್ ನೋಡುತ್ತಿದ್ದ. ವಾರ ಕಳೆದು ಬರುವಾಗ ಐದು ವರ್ಷ ಚಿಕ್ಕವನಾಗಿ ಬರುತ್ತಿದ್ದ. ಅವಳ ಬಾಯಿಯಿಂದ ತಪ್ಪಿಸಿಕೊಳ್ಳಲೆಂದೇ ಆ ಚಳಿಗೆ ಓಡಿ ಹೋಗುತ್ತಿದ್ದನೇ? ಬದುಕಿದ್ದಾಗ ಅವನನ್ನು ಕೇಳಲಿಲ್ಲ. ಕೇಳಿದ್ದರೂ "ಹೂಂ" ಎನ್ನುತ್ತಿದ್ದ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಮೊದಲೆರಡು ದಿನ ಏನೂ ತಿಳಿಯಲಿಲ್ಲ. ಹೊರಗೆ ಮೈನಸ್ ಇಪ್ಪತ್ತಾರು. ಒಳಗೆ ನೆಲದ ಮೇಲೆ ಸ್ಪ್ರೂಸ್ ಮರದ ರೆಂಬೆ, ಅದರ ಮೇಲೆ ಹಿಮಸಾರಂಗದ ತೊಗಲು, ನಡುವೆ ಒಲೆ. ಒಲೆ ಉರಿಯುತ್ತಿರುವಷ್ಟು ಹೊತ್ತು ಒಬ್ಬರು ಎಚ್ಚರವಾಗಿ ಅದರ ಪಕ್ಕ ಕೂತಿರಬೇಕು. ಅದು ಗುಡಾರದ ಕಟ್ಟಳೆ, ಅದನ್ನು ಮುರಿಯುವವರನ್ನು ಈ ದೇಶದಲ್ಲಿ ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಕಾವಲಿಗೆ ತಾನೇ ಕೂರುತ್ತೇನೆಂದಳು ಹಿಲ್ಕಾ. ಗಂಡಸರಿಬ್ಬರೂ ಮಂಜುಗಡ್ಡೆ ಕೊರೆಯುವ ಬೈರಿಗೆ ಎತ್ತಿಕೊಂಡು ಹೊರಗೆ ಹೋಗುವರು, ಊಟದ ಹೊತ್ತಿಗೆ ಬರುವರು, ಸಾಸೇಜು ಸುಟ್ಟುಕೊಂಡು ತಿನ್ನುವರು. ಒಬ್ಬ ಹಲ್ಲು ಕಚ್ಚಿಕೊಂಡು ಮರ್ಯಾದಸ್ಥನಾಗಿದ್ದರೆ, ಇನ್ನೊಬ್ಬ ಅವನಿಗಿಂತ ಹೆಚ್ಚು ಮರ್ಯಾದಸ್ಥ. ಹೆಂಗಸಿದ್ದಾಳೆಂದು ಒಂದು ಬೈಗುಳ ಕೂಡ ಬೈಯುತ್ತಿರಲಿಲ್ಲ. ಇಷ್ಟಕ್ಕಾಗಿ ಕಲೇವಿ ಏಳು ಗಂಟೆ ಪ್ರಯಾಣ ಮಾಡಿ ಬರುತ್ತಿದ್ದನೇ ಎಂದು ಹಿಲ್ಕಾಳಿಗೆ ಸಿಟ್ಟು ಬಂತು.

ಮೂರನೆಯ ದಿನ ಹಿಮಗಾಳಿ ಎದ್ದಿತು. ಹೊರಗೆ ಹೋಗುವ ಹಾಗಿಲ್ಲ. ಮಧ್ಯಾಹ್ನದವರೆಗೆ ಮೂವರೂ ಒಲೆಯನ್ನೇ ನೋಡುತ್ತ ಕೂತರು. ಹಿಲ್ಕಾಳಿಗೆ ತಡೆಯಲಾಗಲಿಲ್ಲ.

"ಹಿಂದೆ ಒಬ್ಬ ಪಾದ್ರಿ ಇದ್ದ ನೋಡಿ," ಎಂದು ಶುರುಮಾಡಿದಳು. "ಪೇಟೆಯಿಂದ ಅವನಿಗೊಂದು ಪಾರ್ಸೆಲ್ ಬಂತು. ನಾನು ಸೈಕಲ್ ನಿಲ್ಲಿಸಿದ್ದೇ ತಡ, ಅವನ ನಾಯಿ ಅದನ್ನ ಕಚ್ಕೊಂಡು ಓಡಿಹೋಯ್ತು. ಒಳಗೆ ನೋಡಿದ್ರೆ..."

"ಹಲ್ಲಿನ ಸೆಟ್ಟು," ಎಂದ ಓಸ್ಮೊ. "ಆ ಭಾನುವಾರ ಪ್ರವಚನ ಐದೇ ನಿಮಿಷ. ಆ ನಾಯಿಗೆ ಊರವರೆಲ್ಲ ಸೇರಿ ಒಂದು ಮೂಳೆ ಕೊಡಿಸ್ಬೇಕು."

ಮೂಳೆ ಕೊಡಿಸುವ ಆ ಮಾತು ಓಸ್ಮೊನದಲ್ಲ, ಹಿಲ್ಕಾಳದು. ಅಕ್ಷರಕ್ಕೆ ಅಕ್ಷರ. ಅಂಚೆಯವಳು ಜನರ ಪಾರ್ಸೆಲ್ಲಿನ ಗುಟ್ಟನ್ನು ಹೊರಗೆ ಬಿಡಬಾರದೆಂದು ಅವಳು ಆ ಕಥೆಯನ್ನು ಇದುವರೆಗೆ ಒಂದೇ ಒಂದು ಕಿವಿಗೆ, ಕಲೇವಿಯ ಕಿವಿಗೆ, ಹೇಳಿದ್ದಳು.

"ಇದು ನಿಂಗೆ ಹೇಗೆ ಗೊತ್ತು?"

ಪೆಂಟಿ ಓಸ್ಮೊನನ್ನು ಕೆಕ್ಕರಿಸಿ ನೋಡಿದ.

"ಬಾಯಿ ಬಿಡ್ರೋ. ಇನ್ನೇನೇನು ಹೇಳಿದಾನೆ ಅವ್ನು?"

"ಎಲ್ಲಾ," ಎಂದ ಪೆಂಟಿ.

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ನಿನ್ನ ತಂಗಿ ಗಂಡನ ತುಪ್ಪಳದ ಟೋಪಿ. ಶಾಲೆ ಮೇಷ್ಟ್ರಿಗೆ ಇಬ್ಬರಿಂದ ಬರ್ತಿದ್ದ ಕಾಗದ. ನನ್ನ ಹೆಂಡ್ತಿ ಕಾಫಿ."

ಪೆಂಟಿಯ ಹೆಂಡತಿ ಕಾಫಿ ಪುಡಿಯನ್ನು ನೀರಿಗೆ ಹಾಕುವುದಿಲ್ಲ, ನೀರಿಗೊಮ್ಮೆ ತೋರಿಸಿ ವಾಪಸ್ ಡಬ್ಬಕ್ಕೆ ಇಡುತ್ತಾಳೆ ಎಂದು ಹಿಲ್ಕಾ ಯಾವತ್ತೋ ಕಲೇವಿಗೆ ಅಂದಿದ್ದಳು.

"ಅದು ಯಾವಾಗಿಂದ ಗೊತ್ತು ನಿಂಗೆ?"

"ಇಪ್ಪತ್ತು ವರ್ಷ ಆಯ್ತು," ಎಂದ ಪೆಂಟಿ. "ನಿಜಾನೇ ಹೇಳಿದೀಯ. ನಂಗೇನೂ ಬೇಜಾರಿಲ್ಲ."

ಹಿಲ್ಕಾಳ ಪಿತ್ತ ನೆತ್ತಿಗೇರಿತು. ಹೂಂ ಎನ್ನಲು ಸೋಮಾರಿತನ ಮಾಡುತ್ತಿದ್ದ ಮನುಷ್ಯ ಇಲ್ಲಿ ಬಂದು ಅವಳ ಮನೆಯ ಮಾತನ್ನೆಲ್ಲ ಹರಾಜು ಹಾಕಿದ್ದ. ಒಲೆಗೆ ಎರಡು ಸೌದೆ ತುರುಕಿ ಅದರ ಬಾಗಿಲನ್ನು ಧಡಾರನೆ ಮುಚ್ಚಿದಳು.

"ನನ್ನ ಮಾತು ಅವನಿಗೆ ಅಷ್ಟು ಭಾರ ಆಗಿತ್ತಾ? ಇಲ್ಲಿ ಬಂದು ಕಕ್ಕಿ ಹೋಗ್ತಿದ್ನಾ?"

"ಭಾರ ಎಲ್ಲಿಂದ ಬಂತು ಮಾರಾಯ್ತಿ," ಎಂದ ಓಸ್ಮೊ. "ಅವ್ನು ಒಂದು ಮೀನು ಹಿಡಿದವನಲ್ಲ. ಮನೆಗೆ ತರ್ತಿದ್ದದ್ದು ನಾವು ಹಿಡಿದು ಕೊಟ್ಟಿದ್ದು. ಇಡೀ ವಾರ ಇದೇ ಜಾಗದಲ್ಲಿ ಕೂತು, 'ಹಿಲ್ಕಾ ಏನಂದ್ಲು ಗೊತ್ತಾ' ಅಂತ ಶುರು ಮಾಡೋನು. ತಲೆ ತಿಂದುಬಿಡೋನು. ನಮಗೂ ಅದೇ ಬೇಕಿತ್ತು ಅನ್ನು."

"ಆದ್ರೆ ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ," ಎಂದ ಪೆಂಟಿ. ನ್ಯಾಯ ನ್ಯಾಯವೇ ಎಂಬ ಮುಖ ಮಾಡಿದ್ದ.

"ಯಾಕೆ?"

"ಮಧ್ಯದಲ್ಲೇ ನಗೋಕೆ ಶುರು ಮಾಡ್ತಿದ್ದ. ಆ ನಾಯಿ ಕಥೆ ಮೂರು ವರ್ಷ ಅರ್ಧಕ್ಕೇ ನಿಂತಿತ್ತು."

ಗಾಳಿ ಗುಡಾರದ ಬಟ್ಟೆಯನ್ನು ಪಟಪಟ ಹೊಡೆಯುತ್ತಿತ್ತು.

"ಕಲೇವಿ ನಗ್ತಿದ್ನಾ?"

"ಹೊಟ್ಟೆ ಹಿಡ್ಕೊಂಡು."

"ಮನೇಲಿ ಒಂದು ದಿನ ನಕ್ಕವನಲ್ಲ. ಒಂದೇ ಒಂದು ದಿನ."

"ಅವನನ್ನೇ ಕೇಳಿದ್ವಿ ನಾವು," ಎಂದ ಓಸ್ಮೊ. "ಅವಳೆದುರು ಯಾಕೋ ನಗಲ್ಲ ಅಂತ. ನಕ್ರೆ ಮರೆತುಹೋಗುತ್ತೆ ಅಂದ. ಮಾರ್ಚ್ ತನಕ ನೆನಪಿಟ್ಕೋಬೇಕಲ್ಲ, ಅದಕ್ಕೆ ಗಮನ ಕೊಟ್ಟು ಕೇಳ್ತೀನಿ ಅಂದ."

ಹಿಲ್ಕಾಳ ಕಣ್ಣು ತುಂಬಿತು. ಅವಳು ಅದನ್ನು ಹೊಗೆಯ ಮೇಲೆ ಹಾಕಲಿಲ್ಲ. ಒಲೆ ಹೊಗೆಯಾಡುತ್ತಿರಲಿಲ್ಲ, ಅದು ಮೂವರಿಗೂ ಕಾಣುತ್ತಿತ್ತು. ಮೂವತ್ತೆಂಟು ವರ್ಷದ ಅಷ್ಟೂ ಹೂಂಗಳು ಅವಳ ಮುಂದೆ ಹಾದುಹೋದವು. ಒಂದೊಂದಕ್ಕೂ ಅವಳು ಅವನನ್ನು ಮನಸ್ಸಿನಲ್ಲೇ ಬೈದಿದ್ದಳು. ಈಗ ಒಂದನ್ನಾದರೂ ವಾಪಸ್ ಕೇಳಬೇಕೆನಿಸಿತು.

"ಹೇಗೆ ನಗ್ತಿದ್ದ?" ಎಂದಳು.

ಓಸ್ಮೊ ಯೋಚಿಸಿ "ಹ್ಹೆ ಹ್ಹೆ" ಎಂದ.

"ಅದಲ್ಲ ಕಣೋ," ಎಂದ ಪೆಂಟಿ. "ಅದು ಮೂಗಿಂದ ಶುರುವಾಗ್ತಿತ್ತು."

ಪೆಂಟಿ ಲೋಟ ಕೆಳಗಿಟ್ಟ. ಟೋಪಿ ತೆಗೆದ. ಗಂಭೀರವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಮೂಗಿನಿಂದ ಎರಡು ಸಲ ಗೊರಕೆಯಂಥ ಸದ್ದು ಮಾಡಿದ. ಆಮೇಲೆ ಉಸಿರು ಎಳೆದುಕೊಳ್ಳುತ್ತ ಸಣ್ಣಗೆ ಕೀರಲು ದನಿ ತೆಗೆದು, ತೊಡೆಗೆ ಪಟಪಟ ಬಡಿದುಕೊಂಡ.

"ಹಾಂ, ಅದೇ," ಎಂದ ಓಸ್ಮೊ. "ಕೊನೇಲಿ ಕೆಮ್ಮು ಬರ್ತಿತ್ತು."

ಪೆಂಟಿ ಕೆಮ್ಮನ್ನೂ ಸೇರಿಸಿದ.

ಹಿಲ್ಕಾ ಕತ್ತು ಮುಂದೆ ಚಾಚಿ ಕೇಳುತ್ತಿದ್ದಳು. ನಗಲಿಲ್ಲ. ನಕ್ಕರೆ ಮರೆತುಹೋದೀತು.

"ಇನ್ನೊಂದ್ಸಲ ಮಾಡು," ಎಂದಳು.