ಗುರುಪ್ರಕಾಶ್ ಮೇಷ್ಟ್ರ ಹಕಾರ

ಕೊಳ್ಳೇಗಾಲದ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಗುರುಪ್ರಕಾಶ್ ಮೇಷ್ಟ್ರಿಗೆ ತಲೆ ನರೆಯುವ ಹೊತ್ತಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವ ಯೋಗ ಬಂತು. ಸ್ನಾತಕೋತ್ತರ ಪದವಿ ಇಲ್ಲದವರು ಬೇಗ ಮುಗಿಸಿಕೊಳ್ಳಿ ಎಂದು ಆಡಳಿತ ಮಂಡಳಿ ಹೇಳಿತ್ತು. ಅವರು ಯಾರಿಗೂ ಹೇಳದೆ ಆನ್‌ಲೈನ್ ಎಂ.ಸಿ.ಎ.ಗೆ ಸೇರಿಕೊಂಡರು. ಮೊದಲ ತರಗತಿಯ ದಿನ ಲ್ಯಾಪ್‌ಟಾಪ್ ತೆರೆದರೆ ಪರದೆಯ ಮೂಲೆಯಲ್ಲಿ ದೀಪ ಕೂತಿದ್ದಾಳೆ. ಮಾರ್ಟಳ್ಳಿಯ ಹುಡುಗಿ, ಅವರ ಬಳಿಯೇ ಬಿ.ಸಿ.ಎ. ಓದಿದವಳು, ಈಗ ಹನೂರಿನಲ್ಲಿ ಸ್ವಂತ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದಳು. ಮೈಕ್ ಆಫ್ ಮಾಡಲು ಮರೆತು, "ಸಾ, ನೀವೂ ಇಲ್ಲೇನಾ?" ಎಂದದ್ದು ಇಡೀ ತರಗತಿಗೆ ಕೇಳಿಸಿತು.

ದೀಪಳಿಗೆ ಮೇಷ್ಟ್ರ ಮೇಲೆ ಗೌರವವಿತ್ತು, ಜೊತೆಗೆ ಒಂದು ಸಣ್ಣ ಮುನಿಸೂ ಇತ್ತು. ಕಾಲೇಜಿನಲ್ಲಿ ಅವಳು 'ಆರ್ಡ್ ಡಿಸ್ಕ್' ಅಂದಾಗಲೆಲ್ಲ ಅವರು ಪಾಠ ನಿಲ್ಲಿಸಿ, ಅವಳ ಬಾಯಲ್ಲಿ 'ಹಾರ್ಡ್' ಬರುವವರೆಗೂ ಬಿಡುತ್ತಿರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ 'ಕಂಪ್ಯೂಟರ್ ವಿಜ್ಞಾನದ ಇಂದಿನ ಜಾಗತಿಕ ಪ್ರವೃತ್ತಿಗಳು' ಎಂಬ ವಿಷಯ ಬಂತು. ಅದರ ಮೇಲೆ ಪ್ರಬಂಧ ಬರೆಯಬೇಕಿತ್ತು. ಜಗತ್ತಿನ ಪ್ರವೃತ್ತಿಯನ್ನು ಇಬ್ಬರೂ ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದರು: ತಾವು ಬರೆಯಲಿಲ್ಲ, ಎ.ಐ.ಗೆ ಹೇಳಿ ಬರೆಸಿದರು. ಅದು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಪ್ರಬಂಧ ಬರೆದುಕೊಟ್ಟಿತು. ಪಾಠ ಮಾಡುವ ಮೇಡಂ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಇದರಲ್ಲಿ ಯಾರದು ಮೂಲ ಎಂದು ಶಾಂತವಾಗಿ ಕೇಳಿದರು. ಗುರು ಶಿಷ್ಯೆ ಇಬ್ಬರೂ ನೆಟ್‌ವರ್ಕ್ ಹೋದವರಂತೆ ಅಲ್ಲಾಡದೆ ಕೂತರು. ಕೊನೆಗೆ ಮೇಡಮ್ಮೇ ದಾರಿ ತೋರಿಸಿದರು. ಇಬ್ಬರೂ ಸೇರಿ, ನಿಮ್ಮ ಊರಿನಲ್ಲಿ ನೀವೇ ಪರೀಕ್ಷೆ ಮಾಡಿ ನೋಡಿದ ಯಾವುದಾದರೂ ವಿಷಯ ತನ್ನಿ ಎಂದರು.

ಆಡಿದ ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶಕ್ಕೆ ನಮ್ಮ ಕಡೆಯ ಕನ್ನಡ ಅರ್ಥವಾಗುತ್ತದೆಯೇ ನೋಡೋಣ ಎಂದವಳು ದೀಪ. ಮೇಷ್ಟ್ರು ಒಪ್ಪಿದರು. ಹಳ್ಳಿ ಮಾತಿಗೆ ತಮ್ಮ ತಾಯಿ, ಹೋಲಿಸಿ ನೋಡಲು ಶುದ್ಧ ಕನ್ನಡಕ್ಕೆ ತಾವು ಎಂದು ಅವರೇ ತೀರ್ಮಾನಿಸಿದರು. ಭಾನುವಾರ ಇಬ್ಬರೂ ಯಳಂದೂರಿನಿಂದ ಆಟೊ ಹಿಡಿದು ಮೇಷ್ಟ್ರ ಹುಟ್ಟೂರು ಹೊನ್ನೂರಿಗೆ ಹೋದರು.

ತಾಯಿ ಕೆಂಪಾಜಮ್ಮ ಆಗಷ್ಟೇ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಬಂದಿದ್ದರು. ಏನಾದರೂ ಮಾತಾಡಿ ಎಂದು ದೀಪ ಫೋನ್ ಹಿಡಿದಾಗ, "ಆಲು ಕರ್ದಾಯ್ತು, ಇನ್ನೇನ್ ಮಾತಾಡ್ಲವ್ವ" ಅಂದರು. ಫೋನಿನ ಮೇಲೆ 'ಆಲೂ ಕರಿದಾಯ್ತು' ಎಂದು ಮೂಡಿತು. ದೀಪ ಅದನ್ನು ಓದಿ ಹೇಳಿದಳು. ಕೆಂಪಾಜಮ್ಮ ಚೊಂಬಿನೊಳಗೆ ಒಮ್ಮೆ ಇಣುಕಿ ನೋಡಿ, ಈ ಮನೆಯಲ್ಲಿ ಆಲೂಗೆಡ್ಡೆ ಬೇಯಿಸುವುದೇ ಅಪರೂಪ, ಕರಿಯುವ ಮಾತೆಲ್ಲಿಂದ ಬಂತು ಎಂದರು.

ಆಮೇಲೆ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು ದಿನಪತ್ರಿಕೆಯ ಒಂದು ಸುದ್ದಿ ಓದಿದರು. ಒಂದಕ್ಷರ ತಪ್ಪದೆ ಮೂಡಿತು. ಉಚ್ಚಾರಣೆ ಎಂದರೆ ಇದು ಎಂದು ಅವರು ಶುರುಮಾಡುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಕರು ಹಗ್ಗ ಬಿಚ್ಚಿಕೊಂಡಿತು. ಮೇಷ್ಟ್ರು ಪತ್ರಿಕೆ ಬಿಸಾಕಿ ಓಡುತ್ತಾ, "ಅವ್ವಾ, ಕರ ಇಡ್ಕೊ, ಓಯ್ತಾ ಅದೆ" ಎಂದು ಕೂಗಿದರು. ಫೋನ್ ಇನ್ನೂ ಕೇಳಿಸಿಕೊಳ್ಳುತ್ತಲೇ ಇತ್ತು. 'ಅವ್ವಾ ಖಾರ ಇಟ್ಕೊ ಓದ್ತಾ ಅದೆ' ಎಂದು ಬರೆದುಕೊಂಡಿತು.

ಕರು ಕಟ್ಟಿ ಬಂದವರಿಗೆ ದೀಪ ಫೋನ್ ತೋರಿಸಿದಳು. ಮೇಷ್ಟ್ರ ಮುಖ ಕೆಂಪಾಯಿತು. ಅಳಿಸಿಬಿಡು ಎಂದರು. ಇಡೀ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ ಎಂದು ಅವಳು ಹಟ ಹಿಡಿದಳು. ಕೊನೆಗೆ ಹೆಸರು ಹಾಕದೆ, 'ಮೂರನೆಯ ಧ್ವನಿ' ಎಂದಷ್ಟೇ ಬರೆಯುವುದೆಂದು ರಾಜಿಯಾಯಿತು. ವಾಪಸು ಹೋಗುವಾಗ ಆಟೊದಲ್ಲಿ ಮೇಷ್ಟ್ರು ಕಬ್ಬಿನ ಗದ್ದೆಗಳನ್ನೇ ನೋಡುತ್ತಾ ಕೂತಿದ್ದರು.

ಸೆಮಿನಾರಿನ ದಿನ ಮೇಡಂ ಮೂರೂ ಧ್ವನಿಗಳನ್ನು ಕೇಳಿದರು. ಕೊನೆಯದನ್ನು ಎರಡು ಸಲ ಕೇಳಿ, ಇವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಅನ್ನಿಸುತ್ತದೆ, ಯಾರು ಎಂದು ವಿಚಾರಿಸಿದರು. ಮಾತಿಗೆ ತಪ್ಪಬಾರದೆಂದು ದೀಪ ತನ್ನ ಮೈಕ್ ಆಫ್ ಮಾಡಿಕೊಂಡಳು. ಮೇಷ್ಟ್ರ ಮೈಕ್ ಆನ್ ಆಯಿತು.

"ಅದು ನಾನೇ ಮೇಡಂ. ಕಾಲೇಜಲ್ಲಿ ಪಾಠ ಮಾಡ್ತೀನಿ."

ಪತ್ರಿಕೆ ಓದಿದವರೂ ನೀವೇ ಅಲ್ಲವೇ ಎಂದು ಮೇಡಂ ಕೇಳಿದರು.

"ಹೌದು. ಓದುವಾಗ ಒಂದು ಬಾಯಿ, ಕರ ಬಿಚ್ಕಂಡಾಗ ಒಂದು ಬಾಯಿ. ಯಂತ್ರಕ್ಕೆ ನಾವು ಮೊದಲನೇದನ್ನೇ ಕಲ್ಸಿದ್ದೀವಿ, ಹಂಗಾಗಿ ಅದಕ್ಕೆ ನಮ್ಮವ್ವನ ಮಾತು ತಿಳೀಲಿಲ್ಲ."

ಮೇಡಂ ನಕ್ಕರು. ಆಮೇಲೆ ಅದೇ ಮಾತನ್ನು ಹಿಡಿದು ತರಗತಿಗೆ ಬಹಳ ಹೊತ್ತು ಪಾಠ ಮಾಡಿದರು. ಅಂಕ ಇಬ್ಬರಿಗೂ ಚೆನ್ನಾಗಿಯೇ ಬಂತು, ದೀಪಳಿಗೆ ಒಂದೆರಡು ಹೆಚ್ಚು. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ತಾವು ಓದುತ್ತಿರುವುದನ್ನೂ, ಶಿಷ್ಯೆ ಮುಂದಿರುವುದನ್ನೂ ತಾವಾಗಿಯೇ ಹೇಳಿದರು. ಅಂಕ ತಂದುಕೊಟ್ಟದ್ದು ಹಗ್ಗ ಬಿಚ್ಚಿಕೊಂಡ ಕರು ಎಂಬುದನ್ನು ಮಾತ್ರ ಹೇಳಲಿಲ್ಲ.

ಮುಂದಿನ ಪ್ರಾಜೆಕ್ಟಿಗೆ ದೀಪ ತನ್ನೂರು ಮಾರ್ಟಳ್ಳಿಯನ್ನೇ ಆರಿಸಿಕೊಂಡಳು. ಅಲ್ಲಿ ಕನ್ನಡದಲ್ಲಿ ಶುರುವಾದ ಮಾತು ತಮಿಳಿನಲ್ಲಿ ಮುಗಿಯುತ್ತದೆ. ತಾವೂ ಬರಬಹುದೇ ಎಂದು ಮೇಷ್ಟ್ರು ಸಂಕೋಚದಿಂದ ಫೋನ್ ಮಾಡಿದರು.

"ಬನ್ನಿ ಸಾ. ಆದ್ರೆ ಅಲ್ಲಿ ಮೇಷ್ಟ್ರು ನಾನು" ಅಂದಳು ದೀಪ.

ಮೇಷ್ಟ್ರು ಆಗಲಿ ಎಂದು, ಮಾರ್ಟಳ್ಳಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಂಡರು.